ದಯವಿಟ್ಟು ಮುಟ್ಟಿ ನೋಡಿ

ಮಕ್ಕಳನ್ನು ಕರೆದುಕೊಂಡು ಮ್ಯೂಸಿಯಂಗೆ ಹೋದವರಿಗೆಲ್ಲ ಈ ಅನುಭವ ಉಂಟು. ಬಾಗಿಲು ದಾಟುವ ಮೊದಲೇ ನಾವು ಎಚ್ಚರಿಕೆ ಕೊಟ್ಟಿರುತ್ತೇವೆ: ‘ಒಳಗೆ ಏನನ್ನೂ ಮುಟ್ಟಬಾರದು, ಆಯ್ತಾ?’ ಒಳಗೆ ಹೋದರೆ ಗೋಡೆಯ ಮೇಲೂ ಅದೇ ಬರಹ. ಪಾಪ, ಮಗು ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿ ನಿಲ್ಲುತ್ತದೆ. ಹಳೆಯ ಕತ್ತಿಯೋ ನಾಣ್ಯವೋ ಮಡಕೆಯೋ ಆದರೆ ನೋಡಿದರೂ ಸ್ವಲ್ಪ ತಿಳಿಯುತ್ತದೆ. ಆದರೆ ಒಂದು ವಾದ್ಯವನ್ನು ಬರೀ ನೋಡಿ ಏನು ತಿಳಿದುಕೊಳ್ಳುವುದು? ಬಿರಿಯಾನಿಯ ಫೋಟೋ ನೋಡಿ ಎದ್ದು ಬಂದ ಹಾಗೆ, ಅಷ್ಟೆ.

ಈ ಕಷ್ಟ ಅರ್ಥವಾದ ಕೆಲವು ಮ್ಯೂಸಿಯಂಗಳು ಬೇರೆ ದಾರಿ ಹಿಡಿದಿವೆ. ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 2010ರಲ್ಲಿ ತೆರೆದ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಮ್ಯೂಸಿಯಂನಲ್ಲಿ ಜಗತ್ತಿನ ಮೂಲೆ ಮೂಲೆಯ ವಾದ್ಯಗಳಿವೆ. ಅವುಗಳ ಜೊತೆಗೆ ಬಂದವರು ಕೈಯಾರೆ ನುಡಿಸಿ ನೋಡುವುದಕ್ಕೆಂದೇ ಒಂದು ಪ್ರತ್ಯೇಕ ಕೋಣೆ ಉಂಟು. ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್‌ನಲ್ಲಿ 2000ದಿಂದ ಇರುವ ಮ್ಯೂಸಿಯಂ ಆಫ್ ಮೇಕಿಂಗ್ ಮ್ಯೂಸಿಕ್‌ನಲ್ಲೂ ಗಾಜಿನ ಒಳಗಿರುವುದು ಬೇರೆ, ಕೈಗೆ ಸಿಗುವುದು ಬೇರೆ. ಬೆಂಗಳೂರಿನ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್‌ಗೆ ಹೋದವರು ಅಲ್ಲಿನ ‘ಸೌಂಡ್ ಗಾರ್ಡನ್’ನಲ್ಲಿ ಮಕ್ಕಳು ಬಡಿದು, ತಟ್ಟಿ ದನಿ ಹೊರಡಿಸುವುದನ್ನು ಕಂಡಿರಬಹುದು. ಅದೂ ಇದೇ ದಾರಿ.

ಹೀಗೆ ಬಂದು ಹೋಗುವವರ ಕೈಗೆ ಕೊಡುವ ವಾದ್ಯ ಹೇಗಿರಬೇಕು? ನೂರಾರು ವರ್ಷ ಹಳೆಯದನ್ನು ಕೊಡಲಿಕ್ಕಾಗುವುದಿಲ್ಲ. ಅಂಗಡಿಯಿಂದ ತಂದದ್ದು ಎಷ್ಟು ದಿನ ತಾಳೀತು? ಅದಕ್ಕೆಂದೇ ಒಂದನ್ನು ಕೈಯಿಂದ ಮಾಡಬೇಕಾಗುತ್ತದೆ. ಅಂಥ ಕೆಲಸಕ್ಕೆ ಬಹಳ ಚೆನ್ನಾಗಿ ಒಗ್ಗುವ ವಾದ್ಯವೊಂದರ ಕಥೆ ಇಲ್ಲಿದೆ. ಅದರ ಹೆಸರು ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್ ಗಿಟಾರ್. ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸಿ ನುಡಿಸುವ ಗಿಟಾರ್. ನಮ್ಮ ಕಡೆ ಹಳಬರು ಇದನ್ನು ‘ಹವಾಯನ್ ಗಿಟಾರ್’ ಅನ್ನುತ್ತಿದ್ದರು. ಅಳುವಂತೆ, ನಗುವಂತೆ, ಮನುಷ್ಯನ ಗಂಟಲಿನಂತೆ ದನಿ ಎಳೆಯುವ ವಾದ್ಯ ಇದು.

ಹಳಿಯ ಬದಿಯ ಬೋಲ್ಟು

ಈ ವಾದ್ಯ ಹುಟ್ಟಿದ್ದು ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ. ಅಲ್ಲಿಗೆ ಗಿಟಾರ್ ಬಂದದ್ದು 1830ರ ದಶಕದಲ್ಲಿ, ದನ ಕಾಯಲು ಮೆಕ್ಸಿಕೋ ಕಡೆಯಿಂದ ಬಂದ ಕುದುರೆ ಸವಾರರ ಜೊತೆ. ಸ್ಥಳೀಯರು ಅದನ್ನು ತಮ್ಮದಾಗಿಸಿಕೊಂಡರು. ತಂತಿಗಳನ್ನು ಸಡಿಲ ಮಾಡಿ, ಯಾವ ಬೆರಳನ್ನೂ ಒತ್ತದೆ ಒಮ್ಮೆ ಎಳೆದರೇ ಇಂಪಾಗಿ ಕೇಳುವಂತೆ ಶ್ರುತಿ ಮಾಡಿಕೊಂಡರು.

ಓಆಹು ದ್ವೀಪದ ಲಾಯಿಎ ಎಂಬ ಕಡಲತೀರದ ಊರಿನಲ್ಲಿ 1874ರಲ್ಲಿ ಹುಟ್ಟಿದವರು ಜೋಸೆಫ್ ಕೆಕುಕು. ಹುಡುಗನಾಗಿದ್ದಾಗ ರೈಲು ಹಳಿಯ ಬದಿಯಲ್ಲಿ ಗಿಟಾರ್ ಹಿಡಿದು ನಡೆಯುತ್ತಿದ್ದರಂತೆ. ಬಿದ್ದಿದ್ದ ಒಂದು ಬೋಲ್ಟನ್ನು ಎತ್ತಿಕೊಂಡರಂತೆ. ಅದು ತಂತಿಗೆ ತಾಗಿ ಜಾರಿದಾಗ ಹೊರಟ ದನಿಗೆ ಬೆರಗಾಗಿ ನಿಂತರಂತೆ. ಬೋಲ್ಟಲ್ಲ, ಬಾಚಣಿಗೆ ಎನ್ನುವವರೂ ಇದ್ದಾರೆ, ಚೂರಿ ಎನ್ನುವವರೂ ಇದ್ದಾರೆ. ಯಾವುದೇ ಇರಲಿ, ಹೊನೊಲುಲುವಿನ ಕಮೆಹಮೆಹಾ ಶಾಲೆಯಲ್ಲಿ ಓದುವಾಗ ಅಲ್ಲಿನ ಕಾರ್ಯಾಗಾರದಲ್ಲಿ ಉಕ್ಕಿನ ಸಣ್ಣ ಸರಳು ಮಾಡಿಕೊಂಡು, ಅದರಿಂದ ನುಡಿಸುವ ವಿಧಾನವನ್ನು ತಿದ್ದಿ ತೀಡಿ ಊರಿಗೆಲ್ಲ ಹಬ್ಬಿಸಿದವರು ಅವರೇ.

ಇದರಲ್ಲಿ ಭಾರತದ ಹೆಸರೂ ಒಮ್ಮೆ ಬಂದು ಹೋಗುತ್ತದೆ. ಕೆಕುಕುಗಿಂತ ಮೊದಲೇ ಗೇಬ್ರಿಯಲ್ ಡೇವಿಯನ್ ಎಂಬ ಹೆಸರಿನ, ಭಾರತದಲ್ಲಿ ಹುಟ್ಟಿ ಹಡಗಿನವರ ಕೈಗೆ ಸಿಕ್ಕಿ ಹೊನೊಲುಲು ಸೇರಿದ ಯುವಕನೊಬ್ಬ ಹೀಗೆ ಜಾರಿಸಿ ನುಡಿಸುತ್ತಿದ್ದ ಎಂಬ ಮಾತುಂಟು. ದಕ್ಷಿಣ ಭಾರತದ ಗೋಟುವಾದ್ಯ, ಅಂದರೆ ಈಗಿನ ಚಿತ್ರವೀಣೆಯಲ್ಲೂ ಮರದ ತುಂಡನ್ನು ತಂತಿಯ ಮೇಲೆ ಜಾರಿಸುತ್ತಾರೆ. ಹಾಗಾಗಿ ಈ ಮಾತು ಕೇಳಿದವರಿಗೆ ಆಸೆಯಾಗುವುದು ಸಹಜ. ಆದರೆ ಅದು ಹೇಳಿಕೆ ಮಾತ್ರ. ಹವಾಯಿಯವರಿಗೆ ಸಲ್ಲಬೇಕಾದದ್ದನ್ನು ನಾವು ಕಿತ್ತುಕೊಳ್ಳುವುದು ಬೇಡ.

ಯಾಕೆಂದರೆ ಅವರಿಂದ ಕಿತ್ತುಕೊಂಡದ್ದು ಆಗಲೇ ಬಹಳವಿತ್ತು. 1893ರಲ್ಲಿ ಹವಾಯಿಯ ರಾಣಿಯನ್ನು ಪಟ್ಟದಿಂದ ಇಳಿಸಿದರು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನು ಮಾಧ್ಯಮ ಮಾಡಿತು, ಮನೆಮಾತು ತರಗತಿಯಿಂದ ಹೊರಬಿತ್ತು. 1898ರಲ್ಲಿ ದೇಶವೇ ಅಮೆರಿಕಕ್ಕೆ ಸೇರಿಹೋಯಿತು. ಅಂಥ ದಿನಗಳಲ್ಲಿ ಆ ನಾಡಿನ ಯುವಕರು ತಮ್ಮದು ಅಂತ ಹೊತ್ತುಕೊಂಡು ಲೋಕ ಸುತ್ತಿದ್ದು ಈ ಜಾರುವ ದನಿಯನ್ನು. ಕೆಕುಕು 1904ರಲ್ಲಿ ಊರು ಬಿಟ್ಟು ಅಮೆರಿಕದ ಮುಖ್ಯಭೂಮಿಗೆ ಹೋದರು. ಮುಂದೆ ಯುರೋಪಿನಲ್ಲೂ ನುಡಿಸಿದರು. ಸಣ್ಣ ಭಾಷೆಯೊಂದನ್ನು ಮನೆಯಲ್ಲಿ ಆಡುತ್ತಾ, ಹೊರಗೆ ಇನ್ನೆರಡು ಭಾಷೆಯಲ್ಲಿ ವ್ಯಾಪಾರ ಮಾಡುವ ನಮ್ಮಂಥವರಿಗೆ ಇದು ಅರ್ಥವಾಗದ ಮಾತೇನಲ್ಲ.

ಬಾಣಲೆಯಂಥ ಗಿಟಾರ್

1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿಯ ಸಂಗೀತ ಕೇಳಿ ಜನ ಮರುಳಾದರು. ಅಮೆರಿಕದ ತುಂಬ ಹವಾಯನ್ ಗಿಟಾರಿನ ಹುಚ್ಚು ಹಬ್ಬಿತು. ಆದರೆ ಒಂದು ಕೊರತೆ ಉಳಿಯಿತು. ದೊಡ್ಡ ಸಭಾಂಗಣದಲ್ಲಿ, ಕಹಳೆ, ಡ್ರಮ್ಮುಗಳ ನಡುವೆ ಮರದ ಪೆಟ್ಟಿಗೆಯ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ.

ಲಾಸ್ ಏಂಜಲೀಸ್‌ನಲ್ಲಿದ್ದ ಜಾರ್ಜ್ ಬೋಷಾಂಪ್ ಎಂಬವರು ಸ್ವತಃ ಹವಾಯನ್ ಗಿಟಾರ್ ನುಡಿಸುತ್ತಿದ್ದವರು. ಅವರಿಗೆ ಹೊಳೆದ ಉಪಾಯ ಇಷ್ಟು: ಕುದುರೆ ಲಾಳದ ಆಕಾರದ ಎರಡು ಅಯಸ್ಕಾಂತಗಳನ್ನು ತಂತಿಗಳ ಸುತ್ತ ಕೂರಿಸುವುದು, ತಂತಿಗಳ ಕೆಳಗೆ ತಾಮ್ರದ ಸಪೂರ ತಂತಿಯ ಸುರುಳಿ ಇಡುವುದು. ಉಕ್ಕಿನ ತಂತಿ ನಡುಗಿದಾಗ ಅಯಸ್ಕಾಂತದ ಸೆಳೆತ ಏರಿಳಿಯುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತನ್ನು ಆಂಪ್ಲಿಫೈಯರಿಗೆ ಕೊಟ್ಟರೆ ಸ್ಪೀಕರಿನಲ್ಲಿ ದನಿ. ಇಲ್ಲಿ ಮೈಕ್ ಇಲ್ಲ, ಮರದ ಟೊಳ್ಳು ಪೆಟ್ಟಿಗೆಯೂ ಬೇಡ. ತಂತಿ ಮಾತ್ರ ಉಕ್ಕಿನದೇ ಆಗಬೇಕು, ನೈಲಾನ್ ಕಟ್ಟಿದರೆ ಈ ಸುರುಳಿಗೆ ಏನೂ ಕೇಳಿಸುವುದಿಲ್ಲ.

1931ರಲ್ಲಿ ಇದರ ಮೊದಲ ಮಾದರಿಯನ್ನು ಮೇಪಲ್ ಮರದಲ್ಲಿ ಕೈ ಹತಾರಗಳಿಂದ ಕೆತ್ತಿಕೊಟ್ಟವರು ಹ್ಯಾರಿ ವ್ಯಾಟ್ಸನ್. ಉದ್ದ ಹಿಡಿ, ತುದಿಯಲ್ಲಿ ಗುಂಡಗಿನ ಚಪ್ಪಟೆ ಮೈ. ನೋಡಿದವರು ಅದಕ್ಕೆ ‘ಫ್ರೈಯಿಂಗ್ ಪ್ಯಾನ್’ ಎಂದೇ ಹೆಸರಿಟ್ಟರು. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ ಹಿಡಿ ಇರುವ ಕಾವಲಿ. 1932ರಿಂದ ಅದನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದು ಮಾರಿದರು. ಬೋಷಾಂಪ್ ಜೊತೆ ಪಾಲುದಾರರಾಗಿದ್ದ ಅಡಾಲ್ಫ್ ರಿಕನ್‌ಬ್ಯಾಕರ್ ಅವರ ಹೆಸರಿನಲ್ಲೇ ಆ ಗಿಟಾರುಗಳು ಪ್ರಸಿದ್ಧವಾದವು. ಮಾರುಕಟ್ಟೆಯಲ್ಲಿ ನಿಂತ ಮೊದಲ ಎಲೆಕ್ಟ್ರಿಕ್ ಗಿಟಾರ್ ಇದು. ಎದೆಗೆ ತೂಗು ಹಾಕಿಕೊಂಡು ಕುಣಿಯುತ್ತಾ ನುಡಿಸುವುದೆಲ್ಲ ಆಮೇಲೆ ಬಂದದ್ದು, ಮೊದಲು ಬಂದದ್ದು ಈ ಮಡಿಲ ಗಿಟಾರ್. ಎಲೆಕ್ಟ್ರಿಕ್ ಗಿಟಾರಿನ ದೊಡ್ಡ ಹೆಸರಾದ ಲಿಯೋ ಫೆಂಡರ್ ಕೂಡ 1940ರ ದಶಕದಲ್ಲಿ ಲ್ಯಾಪ್ ಸ್ಟೀಲ್ ಮಾಡುತ್ತಲೇ ಕೈ ಪಳಗಿಸಿಕೊಂಡವರು.

ಪೇಟೆಂಟ್ ಮಾತ್ರ ಸುಲಭಕ್ಕೆ ಸಿಗಲಿಲ್ಲ. 1934ರಲ್ಲಿ ಅರ್ಜಿ ಹಾಕಿದರೆ ಮಂಜೂರಾದದ್ದು 1937ರ ಆಗಸ್ಟ್ 10ರಂದು. ಇದು ನಿಜಕ್ಕೂ ಕೆಲಸ ಮಾಡುವ ವಾದ್ಯವೇ ಎಂದು ಕಚೇರಿಯವರಿಗೆ ಅನುಮಾನ. ಕೊನೆಗೆ ಹವಾಯಿಯ ಪ್ರಸಿದ್ಧ ವಾದಕ ಸೋಲ್ ಹೂಪಿಯಿ ಮತ್ತಿತರರನ್ನು ವಾಷಿಂಗ್ಟನ್‌ಗೆ ಕಳುಹಿಸಿ, ಅಧಿಕಾರಿಗಳ ಎದುರೇ ನುಡಿಸಬೇಕಾಯಿತು ಎಂದು ಹೇಳುತ್ತಾರೆ. ಕಾಗದದ ಮೇಲಿನ ಚಿತ್ರ ನೋಡಿ ಅವರಿಗೆ ಅರ್ಥವಾಗಿರಲಿಲ್ಲ, ಕಿವಿಗೆ ಬಿದ್ದ ಮೇಲೆ ಅರ್ಥವಾಯಿತು. ಗಾಜಿನ ಪೆಟ್ಟಿಗೆಯ ಮುಂದೆ ನಿಂತ ನಮ್ಮ ಮಕ್ಕಳ ಪಾಡೂ ಅದೇ ಅಲ್ಲವೇ?

ಸಾವಿರ ಕೈಗಳಿಗೆ ಒಂದು ವಾದ್ಯ

ಅಂದಿನ ಆ ಕಾವಲಿ ಗಿಟಾರುಗಳು ಇಂದು ಬೆಲೆಬಾಳುವ ವಸ್ತು. ಅವು ಗಾಜಿನೊಳಗೇ ಇರಬೇಕು, ತಪ್ಪಿಲ್ಲ. ಅದರ ಪಕ್ಕದಲ್ಲಿ, ಬಂದವರೆಲ್ಲ ಮುಟ್ಟಬಹುದಾದ ಅದರ ತಮ್ಮನನ್ನು ಮಾಡಿ ಇಡುವುದೇ ಕುಶಲಕರ್ಮಿಯ ಕೆಲಸ.

ಬೇರೆ ವಾದ್ಯ ಬಿಟ್ಟು ಇದೇ ಯಾಕೆ? ವಯಲಿನ್ ಕೈಗೆ ಕೊಟ್ಟರೆ ಹೊಸಬರಿಂದ ಮೊದಲ ದಿನ ಬರುವುದು ಬಾಗಿಲು ಕಿರುಗುಟ್ಟುವ ಶಬ್ದ. ಸಾಮಾನ್ಯ ಗಿಟಾರಿನಲ್ಲಿ ಎಡಗೈ ಬೆರಳುಗಳು ನೋವು ತಿಂದು ಗಟ್ಟಿಯಾಗುವವರೆಗೆ ಸ್ವರ ಸ್ವಚ್ಛವಾಗಿ ಬರುವುದಿಲ್ಲ. ಲ್ಯಾಪ್ ಸ್ಟೀಲ್ ಹಾಗಲ್ಲ. ಆರು ತಂತಿಗಳನ್ನು ‘ಓಪನ್ ಜಿ’ ಎಂಬ ಶ್ರುತಿಗೆ ಕೂಡಿಸಿದರೆ ಅದರಲ್ಲಿ ಇರುವುದು ಮೂರೇ ಸ್ವರ. ನಮ್ಮ ಲೆಕ್ಕದಲ್ಲಿ ಸ, ಗ, ಪ. ಐದು ವರ್ಷದ ಮಗು ಸುಮ್ಮನೆ ಬೆರಳು ಎಳೆದರೂ ಅಪಸ್ವರ ಹೊರಡುವುದಿಲ್ಲ. ಉಕ್ಕಿನ ಸರಳನ್ನು ಐದನೇ ಗೆರೆಯ ಮೇಲಿಟ್ಟರೆ ಇಡೀ ಸ್ವರಗುಚ್ಛ ಮಧ್ಯಮಕ್ಕೆ ಏರುತ್ತದೆ, ಏಳನೇ ಗೆರೆಯಲ್ಲಿ ಪಂಚಮಕ್ಕೆ, ಹನ್ನೆರಡನೇ ಗೆರೆಯಲ್ಲಿ ಮೇಲಿನ ಷಡ್ಜಕ್ಕೆ. ಈ ಕೆಲವು ಜಾಗ ಗೊತ್ತಾದರೆ ಎಷ್ಟೋ ಸರಳ ಹಾಡುಗಳಿಗೆ ಜೊತೆ ಕೊಡಬಹುದು. ಐದು ನಿಮಿಷದ ಕೆಲಸ.

ಇದನ್ನು ಮಾಡುವ ಬಗೆಯೂ ಅಷ್ಟೇನೂ ಗುಟ್ಟಲ್ಲ. ನಮ್ಮೂರ ಆಚಾರ್ರ ಹತ್ತಿರ ಹೋಗಿ, ಮೂರಡಿಯಷ್ಟು ಉದ್ದದ, ಒಂದೂವರೆ ಇಂಚು ದಪ್ಪದ ಒಣಗಿದ ಗಟ್ಟಿ ಮರದ ಹಲಗೆ ಬೇಕೆಂದರೆ, ‘ಎಂಥ ಕಾಕ, ಕ್ರಿಕೆಟ್ ಬ್ಯಾಟಾ?’ ಎಂದು ಕೇಳಿಯಾರು. ನೋಡಲು ಹೆಚ್ಚುಕಡಿಮೆ ಹಾಗೇ. ಒಳಗೆ ಟೊಳ್ಳು ಇಲ್ಲ, ಬಾಗಿಸುವ ತೆಳು ಹಲಗೆಗಳಿಲ್ಲ. ಅಮೆರಿಕದಲ್ಲಾದರೆ ಮೇಪಲ್, ಆಶ್, ಮಹಾಗನಿ. ನಮ್ಮ ಕಡೆಯ ಮರದ ಮಿಲ್ಲಿನವರನ್ನು ಕೇಳಿದರೆ ವೀಣೆಗೆ ಬಳಸುವ ಹಲಸು ಆದೀತು ಅಂದಾರು. ಮುಖ್ಯ ಸಂಗತಿ ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರ ಬಾಗಿದರೆ ತಂತಿಯ ಶ್ರುತಿಯೂ ಅದರ ಹಿಂದೆಯೇ ಓಡುತ್ತದೆ.

ಲೆಕ್ಕ ಮಾತ್ರ ನಿಖರವಾಗಿರಬೇಕು. ತಂತಿಯ ಉದ್ದ 22.5 ಇಂಚು ಎಂದಿಟ್ಟುಕೊಳ್ಳಿ, ಲ್ಯಾಪ್ ಸ್ಟೀಲಿಗೆ ಇದು ರೂಢಿಯ ಅಳತೆ. ಅದನ್ನು 17.817ರಿಂದ ಭಾಗಿಸಿದರೆ 1.26 ಇಂಚು. ಅಲ್ಲಿ ಮೊದಲ ಗೆರೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿ ಎರಡನೇ ಗೆರೆ. ಹೀಗೇ ಹೋದರೆ ಹನ್ನೆರಡನೇ ಗೆರೆ ಸರಿಯಾಗಿ ಅರ್ಧಕ್ಕೆ, 11.25 ಇಂಚಿಗೆ ಬರುತ್ತದೆ. ಬಾರದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಇಲ್ಲಿ ತಂತಿಯನ್ನು ಗೆರೆಗೆ ಒತ್ತುವುದಿಲ್ಲ. ತಂತಿ ಹಲಗೆಯಿಂದ ಸುಮಾರು ಒಂದು ಸೆಂಟಿಮೀಟರ್ ಎತ್ತರದಲ್ಲಿರುತ್ತದೆ, ಸರಳು ಅದರ ಮೇಲೆ ತೇಲುತ್ತಾ ಹೋಗುತ್ತದೆ. ಹಾಗಾಗಿ ಗೆರೆ ಅಂದರೆ ಕಣ್ಣಿಗೆ ಗುರುತು ಮಾತ್ರ. ಸವೆಯುವ ಲೋಹದ ಪಟ್ಟಿ ಇಲ್ಲ, ರಿಪೇರಿಯೂ ಇಲ್ಲ.

ಮ್ಯೂಸಿಯಂಗೆ ಅಂತ ಮಾಡುವಾಗ ಕೆಲವು ಹೆಚ್ಚಿನ ಯೋಚನೆ ಬೇಕು. ತೊಡೆಯ ಮೇಲೆ ಇಡುವ ವಾದ್ಯವಾದರೂ ಇಲ್ಲಿ ಅದನ್ನು ಗಟ್ಟಿಯಾದ ಮೇಜಿಗೆ ಬಿಗಿಯಬೇಕು, ಇಲ್ಲದಿದ್ದರೆ ಮೊದಲ ವಾರವೇ ನೆಲಕ್ಕೆ ಬಿದ್ದೀತು. ಮೂಲೆಗಳನ್ನೆಲ್ಲ ಉರುಟು ಮಾಡಬೇಕು. ಶ್ರುತಿಯ ಬಿರಡೆಗಳಿಗೆ ಮುಚ್ಚಳ ಬೇಕು, ತಿರುಗುವ ವಸ್ತು ಕಂಡರೆ ತಿರುಗಿಸದ ಮಕ್ಕಳು ಎಲ್ಲಿದ್ದಾರೆ? ಉಕ್ಕಿನ ಸರಳಿಗೆ ಬೆರಳು ಕೂರುವ ತೋಡು ಇದ್ದರೆ ಸಣ್ಣ ಕೈಗೂ ಹಿಡಿತ ಸಿಗುತ್ತದೆ. ಅದನ್ನು ಗಟ್ಟಿ ದಾರದಿಂದ ಮೇಜಿಗೆ ಕಟ್ಟಬೇಕು, ಬ್ಯಾಂಕಿನ ಕೌಂಟರಿನಲ್ಲಿ ಪೆನ್ನು ಕಟ್ಟಿದ ಹಾಗೆ. ಸ, ಮ, ಪ ಬರುವ ಗೆರೆಗಳಿಗೆ ಬೇರೆ ಬೇರೆ ಬಣ್ಣ. ದನಿ ಎಷ್ಟು ಏರಬಹುದು ಎಂಬುದಕ್ಕೆ ಒಳಗಿನಿಂದಲೇ ಮಿತಿ. ಹೆಡ್‌ಫೋನ್ ಇದ್ದರೆ ಪಕ್ಕದ ಕೋಣೆಯವರಿಗೂ ನೆಮ್ಮದಿ.

ಬೆವರು ಈ ವಾದ್ಯದ ಮೊದಲ ಶತ್ರು. ಕೈಯಿಂದ ಕೈಗೆ ಉಪ್ಪು ಅಂಟಿ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ಕರಾವಳಿಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ತಂತಿ ಬದಲಿಸುವುದು ಸುಲಭವಾಗಿರಬೇಕು, ಮೇಲಿಂದ ಮೇಲೆ ಬದಲಿಸುತ್ತಲೂ ಇರಬೇಕು. ಲೋಹದ ವಿಷಯದಲ್ಲಿ ಇನ್ನೊಂದು ಪಾಠ ಇತಿಹಾಸದಲ್ಲೇ ಇದೆ. ಅಲ್ಯೂಮಿನಿಯಂ ಕಾವಲಿ ಗಿಟಾರುಗಳು ವೇದಿಕೆಯ ದೀಪದ ಬಿಸಿಗೆ ಹಿಗ್ಗಿ ಶ್ರುತಿ ತಪ್ಪುತ್ತಿದ್ದವು. ಅದಕ್ಕೇ 1935ರಲ್ಲಿ ರಿಕನ್‌ಬ್ಯಾಕರ್ ಬೇಕಲೈಟಿನ ಮಾದರಿ ತಂದದ್ದು. ದಿನವಿಡೀ ದೀಪದ ಕೆಳಗಿರುವ ಮ್ಯೂಸಿಯಂ ವಾದ್ಯ ಮಾಡುವವರು ಇದನ್ನು ಮರೆಯುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದುಂಟು. ಕಣ್ಣು ಕಾಣದವರಿಗೆ ಗಾಜಿನ ಪೆಟ್ಟಿಗೆ ಎಂದರೆ ಬರೀ ಗೋಡೆ. ಮೇಜಿನ ಮೇಲೆ ಮಲಗಿದ ಈ ಗಿಟಾರಿನ ಅಂಚಿಗೆ ಗೆರೆಗಳ ನೇರಕ್ಕೆ ಸಣ್ಣ ಗುಬ್ಬಿ ಮೊಳೆ ಕೂರಿಸಿದರೆ ಅವರ ಬೆರಳೇ ದಾರಿ ಕಂಡುಕೊಳ್ಳುತ್ತದೆ. ಮೇಜಿನ ಎತ್ತರ ಸರಿಯಿದ್ದರೆ ಗಾಲಿಕುರ್ಚಿಯಲ್ಲಿ ಬಂದವರೂ ನೇರ ಹತ್ತಿರ ಹೋಗಬಹುದು. ಎಡಗೈ ಬೆರಳುಗಳಲ್ಲಿ ಬಲವಿಲ್ಲದವರು ಸರಳನ್ನು ಹಿಡಿದು ಸರಿಸಿದರೆ ಸಾಕು. ಯಾರ ಕೈಯೂ ಹೊರಗುಳಿಯಬಾರದು ಎಂದು ಯೋಚಿಸಿ ಮಾಡಿದ ವಸ್ತುವಿನಲ್ಲಿ ಮಾಡಿದವರ ಮನಸ್ಸೂ ಕಾಣುತ್ತದೆ.

ಕಲ್ಕತ್ತದ ದಾರಿಯಲ್ಲಿ ನಮ್ಮಲ್ಲಿಗೆ

ಈ ವಾದ್ಯ ನಮ್ಮ ದೇಶಕ್ಕೆ ಹೊಸದೇನಲ್ಲ. ಕೆಕುಕು ಅವರ ಅದೇ ಲಾಯಿಎ ಊರಿನಲ್ಲಿ ಬೆಳೆದ ಟೌ ಮೋಎ ತಮ್ಮ ಕುಟುಂಬದೊಂದಿಗೆ ಹಾಡುತ್ತಾ ನುಡಿಸುತ್ತಾ ದೇಶ ದೇಶ ತಿರುಗಿದವರು. 1940ರ ದಶಕದಲ್ಲಿ ಅವರು ಕಲ್ಕತ್ತದಲ್ಲಿ ನೆಲೆಸಿದ್ದರು. ಅವರಿಂದ ಕಲಿತ ಗಾರ್ನಿ ನಿಸ್ ಅಲ್ಲಿ ತಮ್ಮದೇ ಹವಾಯನ್ ತಂಡ ಕಟ್ಟಿದರು. ಬಂಗಾಳದ ಮನೆಗಳಲ್ಲಿ ಹವಾಯನ್ ಗಿಟಾರ್ ಹಾರ್ಮೋನಿಯಂನಷ್ಟೇ ಸಲಿಗೆಯ ವಾದ್ಯವಾಯಿತು. ವ್ಯಾನ್ ಶಿಪ್ಲಿ, ಸುನಿಲ್ ಗಂಗೂಲಿ ಸಿನಿಮಾ ಹಾಡುಗಳನ್ನು ಗಿಟಾರಿನಲ್ಲಿ ನುಡಿಸಿದ ರೆಕಾರ್ಡುಗಳು ದೇಶದಾದ್ಯಂತ ಹರಡಿದವು. ಮಾತಿಲ್ಲದೆ ಹಾಡು ಮಾತ್ರ ಎಳೆದೆಳೆದು ಬರುವ ಆ ದನಿಯನ್ನು ರೇಡಿಯೋದಲ್ಲಿ ಕೇಳಿದ ಹಿರಿಯರು ನಮ್ಮ ನಡುವೆಯೂ ಇದ್ದಾರು.

ಬ್ರಿಜ್ ಭೂಷಣ್ ಕಾಬ್ರಾ ಇದನ್ನು ಹಿಂದೂಸ್ತಾನಿ ರಾಗಗಳಿಗೆ ತಂದರು. ಶಿವಕುಮಾರ ಶರ್ಮಾ ಮತ್ತು ಹರಿಪ್ರಸಾದ್ ಚೌರಾಸಿಯಾ ಜೊತೆ ಅವರು ನುಡಿಸಿದ 1967ರ ‘ಕಾಲ್ ಆಫ್ ದಿ ವ್ಯಾಲಿ’ ಇಂದಿಗೂ ಮಾರಾಟವಾಗುತ್ತದೆ. ವಿಶ್ವಮೋಹನ ಭಟ್ಟರು ಗಿಟಾರಿಗೆ ಹೆಚ್ಚಿನ ತಂತಿಗಳನ್ನು ಸೇರಿಸಿ ಮೋಹನ ವೀಣೆ ಮಾಡಿಕೊಂಡರು. 1994ರಲ್ಲಿ ಅವರಿಗೂ ಅಮೆರಿಕದ ರೈ ಕೂಡರ್‌ಗೂ ಒಟ್ಟಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರದೂ ಇದೇ ಜಾರುಗಿಟಾರಿನ ದಾರಿ. ಹಳಿಯ ಬದಿಯ ಒಂದು ಬೋಲ್ಟು ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಸವೆಯಲೆಂದೇ ಮಾಡಿದ್ದು

ಇಷ್ಟು ದೂರ ಹೋದ ವಾದ್ಯಕ್ಕೆ ತವರಿನಲ್ಲೇ ಕಷ್ಟ ಬಂದಿತ್ತು. ಇಪ್ಪತ್ತನೇ ಶತಮಾನದ ಕೊನೆಯ ದಶಕಗಳ ಹೊತ್ತಿಗೆ ಹವಾಯಿಯಲ್ಲಿ ಇದನ್ನು ಕಲಿಯುವ ಎಳೆಯರು ತೀರ ಕಡಿಮೆಯಾಗಿದ್ದರು. ನುಡಿಸುವವರೆಲ್ಲ ತಲೆ ನರೆತವರು. ಆಮೇಲೆ ಸಂಘಗಳು ಹುಟ್ಟಿ, ಹಿರಿಯರು ಕೂತು ಕಲಿಸಿ, ಈಗ ಮತ್ತೆ ಮಕ್ಕಳ ತೊಡೆಯ ಮೇಲೆ ಆ ಗಿಟಾರ್ ಕಾಣುತ್ತಿದೆ. ಪುಸ್ತಕ ಬರೆದು ಇಟ್ಟಿದ್ದರಿಂದಲೋ ಗಾಜಿನ ಪೆಟ್ಟಿಗೆಯಿಂದಲೋ ಆದದ್ದಲ್ಲ ಇದು. ಒಂದು ಕೈ ಇನ್ನೊಂದು ಕೈಗೆ ಸರಳನ್ನು ದಾಟಿಸಿದ್ದರಿಂದ ಆದದ್ದು.

ಮ್ಯೂಸಿಯಂನ ಮೇಜಿನ ಮೇಲೆ ಬಿಗಿದ ಆ ಸಾದಾ ಗಿಟಾರಿನ ಬೆಲೆ ಇರುವುದು ಇಲ್ಲಿಯೇ. ಅದನ್ನು ಮಾಡಿದವರ ಹೆಸರು ಅಲ್ಲಿಗೆ ಬಂದವರಿಗೆ ತಿಳಿಯದೇ ಹೋಗಬಹುದು. ಅವರು ನುಣ್ಣಗೆ ಉಜ್ಜಿದ ಬಣ್ಣ ಕೆಲವೇ ತಿಂಗಳಲ್ಲಿ ಕೈ ತಾಗಿದಲ್ಲೆಲ್ಲ ಮಾಸುತ್ತದೆ. ತಂತಿ ಹರಿಯುತ್ತದೆ, ದಾರ ಸವೆಯುತ್ತದೆ. ಒಳ್ಳೆಯ ಕುಶಲಕರ್ಮಿ ತನ್ನ ಕೆಲಸ ನೂರು ವರ್ಷ ಹಾಗೇ ಹೊಳೆಯಲಿ ಎಂದು ಬಯಸುತ್ತಾನೆ. ಇಲ್ಲಿ ಮಾತ್ರ ಹಾಗಲ್ಲ. ಹೊಳಪು ಹಾಗೇ ಉಳಿದರೆ ಯಾರೂ ಮುಟ್ಟಲಿಲ್ಲ ಎಂದೇ ಅರ್ಥ, ಕೆಲಸ ಸೋತಿತು ಎಂದೇ ಅರ್ಥ.

ನಮ್ಮ ದಫ್ ಬಾರಿಸುವವರಿಗೆ ಇದು ಗೊತ್ತಿರುವ ಸಂಗತಿ. ಗೋಡೆಗೆ ತೂಗು ಹಾಕಿ ಬಿಟ್ಟ ದಫ್‌ನ ಚರ್ಮ ಮಳೆಗಾಲದ ತಂಪಿಗೆ ಸಡಿಲವಾಗುತ್ತದೆ. ಇಳಿಸಿ, ಬೆಂಕಿಯ ಬಿಸಿ ತಾಗಿಸಿ, ಕೈಯಿಂದ ತಟ್ಟಿದರೆ ಮಾತ್ರ ಅದು ಮತ್ತೆ ಮಾತನಾಡುತ್ತದೆ. ಅಟ್ಟದ ಮೇಲೆ, ಶೋಕೇಸಿನಲ್ಲಿ ನಾವು ಜೋಪಾನ ಮಾಡಿಟ್ಟ ವಸ್ತುಗಳು ಎಷ್ಟಿಲ್ಲ? ಬೆಲೆಬಾಳುವುದನ್ನು ಒಳಗಿಡಿ, ಬೇಡ ಅನ್ನುವುದಿಲ್ಲ. ಅದರಂಥ ಇನ್ನೊಂದನ್ನು ಮಾಡಿಸಿ ಮಕ್ಕಳ ಕೈಗೆ ಕೊಡಿ. ಮುಂದಿನ ಸಲ ಮಕ್ಕಳೊಂದಿಗೆ ಮ್ಯೂಸಿಯಂಗೆ ಹೋದಾಗ, ಮುಟ್ಟಬಾರದು ಎಂದು ಹೇಳುವ ಮೊದಲು ಒಮ್ಮೆ ಸುತ್ತ ಕಣ್ಣು ಹಾಯಿಸಿ. ಮೂಲೆಯಲ್ಲೆಲ್ಲೋ ಸವೆದ, ಬಣ್ಣ ಮಾಸಿದ ವಾದ್ಯವೊಂದು ಮೇಜಿನ ಮೇಲೆ ಕಾಯುತ್ತಿದ್ದರೆ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಆಮೇಲೆ ನಾವೂ ಒಮ್ಮೆ ನುಡಿಸಿ ನೋಡೋಣ, ನಾಚಿಕೆ ಎಂಥದ್ದು?